ಈಟಿ ಹಿಡಿದವರ ಹಾಡು, ಆಳುವವರಿಗೆ ಪ್ರಶ್ನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಯುದ್ಧದ ಹಾಡು ಅಂದ ಕೂಡಲೇ ಈಟಿ, ಕುದುರೆ, ರಕ್ತ ಕಣ್ಣ ಮುಂದೆ ಬರುತ್ತವೆ, ಅಲ್ವಾ? ಇಥಿಯೋಪಿಯಾದ ಒರೋಮೊ ಜನರ ವೀರಹಾಡುಗಳಲ್ಲಿ ಇವೆಲ್ಲ ಇವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ. ಆಳುವವನು ಹೇಗಿರಬೇಕು ಎಂದು ಆ ಹಾಡುಗಳು ಬಿಡದೆ ಕೇಳುತ್ತವೆ.

ಒರೋಮೊಗಳು ಇಥಿಯೋಪಿಯಾದ ಅತಿ ದೊಡ್ಡ ಜನಾಂಗ. ಉತ್ತರ ಕೆನ್ಯಾದಲ್ಲೂ ಇದ್ದಾರೆ. ಅವರ ವೀರಹಾಡಿಗೆ ಗೇರರ್ಸ ಎಂದು ಹೆಸರು. ಒಬ್ಬ ಎದ್ದು ಹಾಡುತ್ತಾನೆ, ಸುತ್ತ ಇದ್ದವರು ದನಿಗೂಡಿಸಿ ಹುರಿದುಂಬಿಸುತ್ತಾರೆ. ಹಿಂದೆ ಸುಮ್ನೆ ಯಾರೆಂದರೆ ಅವರು ಹಾಡುವಂತಿರಲಿಲ್ಲ. ಆನೆಯನ್ನೋ ಸಿಂಹವನ್ನೋ ಬೇಟೆಯಾಡಿದವನು, ಯುದ್ಧದಲ್ಲಿ ಗೆದ್ದು ಬಂದವನು ಹಾಡಬೇಕು. ಅವನು ತನ್ನ ಸಾಹಸ ಹೇಳುತ್ತಾನೆ, ಹೇಡಿಯನ್ನು ಹಂಗಿಸುತ್ತಾನೆ. ಎಲ್ಲರ ಎದುರು ಮಾತಾಡುವ ಹಕ್ಕನ್ನು ದುಡಿದು ಪಡೆಯಬೇಕಿತ್ತು. ಹಾಗೆ ಪಡೆದವನ ಮಾತಿಗೆ ತೂಕ ಇತ್ತು.

ಇದರ ಹಿಂದೆ ಗಡಾ ಎಂಬ ಆಡಳಿತ ಪದ್ಧತಿ ಇದೆ. ಎಂಟು ವರ್ಷಕ್ಕೊಮ್ಮೆ ಅಧಿಕಾರ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಮುಖ್ಯಸ್ಥ ಅಬ್ಬಾ ಗಡಾ. ಅಬ್ಬಾ ಅಂದರೆ ತಂದೆ, ಒಡೆಯ. ಯುದ್ಧ ನಡೆಸುವವನು ಅಬ್ಬಾ ದೂಲಾ, ಅವನೇ ಬೇರೆ. ಎಂಟು ವರ್ಷ ಮುಗಿದರೆ ಎಷ್ಟೇ ದೊಡ್ಡವನಾದರೂ ಜಾಗ ಬಿಡಬೇಕು. 2016ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಪದ್ಧತಿಯಲ್ಲಿ ಬೆಳೆದವರಿಗೆ ನಾಯಕನನ್ನು ಹೊಗಳುವುದೂ ಗೊತ್ತು, ಲೆಕ್ಕ ಕೇಳುವುದೂ ಗೊತ್ತು.

ನಾಯಕರನ್ನು ಅವರ ಯುದ್ಧದ ಕುದುರೆಯ ಹೆಸರಿನಿಂದ ಕರೆಯುವ ರೂಢಿಯೂ ಇತ್ತು. ಜಿಮ್ಮಾ ಎಂಬ ಒರೋಮೊ ರಾಜ್ಯದ ದೊರೆ ಅಬ್ಬಾ ಜಿಫಾರ್ ಹೆಸರು ಹಾಗೆ ಬಂದದ್ದು. ಇಥಿಯೋಪಿಯಾದ ಚಕ್ರವರ್ತಿ ಮೆನೆಲಿಕ್‌ಗೂ ಕುದುರೆಯ ಹೆಸರಿತ್ತು, ಅಬ್ಬಾ ದಾಗ್ನೆವ್ ಅಂತ.

19ನೇ ಶತಮಾನದಲ್ಲಿ ಗಿಬೆ ನದಿಯ ಸೀಮೆಯಲ್ಲಿ ಐದು ಒರೋಮೊ ರಾಜ್ಯಗಳು ಬೆಳೆದವು. ಅಲ್ಲಿ ಗಡಾ ಸೊರಗಿತು, ರಾಜರು ಬಂದರು, ತಮ್ಮತಮ್ಮಲ್ಲೇ ಕಾದಾಡಿದರು. ಹಾಡುಗಳೂ ಪಕ್ಷ ಹಿಡಿದವು. ಇಟಲಿಯ ವಿದ್ವಾಂಸ ಎನ್ರಿಕೊ ಚೆರೂಲಿ ನೇಪಲ್ಸ್‌ನಲ್ಲಿದ್ದ ಒಬ್ಬ ಒರೋಮೊನಿಂದ ಕೇಳಿ ಬರೆದುಕೊಂಡ ಹಾಡುಗಳು 1922ರಲ್ಲಿ ಅಚ್ಚಾದವು. ಒರೋಮೊಗಳು ಯಾವಾಗಲೂ ಒಗ್ಗಟ್ಟಾಗಿದ್ದರು ಎಂದು ನಂಬಲು ಇಷ್ಟಪಡುವವರು ಆ ಹಾಡುಗಳನ್ನು ಒಮ್ಮೆ ನೋಡಬೇಕು. ಒಳಜಗಳವನ್ನು ಅವು ಮುಚ್ಚಿಡುವುದಿಲ್ಲ.

ಆಮೇಲೆ ಬಂದದ್ದು ಮೆನೆಲಿಕ್‌ನ ಬಂದೂಕು. 1880ರ ದಶಕದಲ್ಲಿ ಅರ್ಸಿ ಸೀಮೆಯವರು ಕುದುರೆ, ಈಟಿ ಹಿಡಿದು ವರ್ಷಗಟ್ಟಲೆ ಎದುರು ನಿಂತರು, 1886ರಲ್ಲಿ ಸೋತರು. ಮೆನೆಲಿಕ್‌ನ ದೊಡ್ಡ ದಂಡನಾಯಕ ಗೋಬನಾ ದಾಚೆ ತಾನೇ ಒರೋಮೊ. ಅವನು ದ್ರೋಹಿಯೋ, ದೇಶ ಕಟ್ಟಿದವನೋ? ಆ ಜಗಳ ಇವತ್ತಿಗೂ ಮುಗಿದಿಲ್ಲ.

ಸೋತವರ ನೆಲ ಸೈನಿಕರಿಗೆ, ಅಧಿಕಾರಿಗಳಿಗೆ ಹೋಯಿತು. ಉತ್ತ ರೈತ ತನ್ನದೇ ಹೊಲದಲ್ಲಿ ಒಕ್ಕಲಾದ. ಬೆಳೆಯಲ್ಲಿ ಪಾಲು ಕೊಟ್ಟ, ಬಿಟ್ಟಿ ಚಾಕರಿ ಮಾಡಿದ. ಗೇರರ್ಸವೂ ಬದಲಾಯಿತು. ಬೇಟೆಯ ಜಾಗಕ್ಕೆ ಬಡತನ ಬಂತು, ಕಳೆದುಹೋದ ನೆಲ ಬಂತು, ಜೈಲು ಬಂತು. ಮುಂದಿನ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಶಾಲೆ, ಕೋರ್ಟು, ಕಚೇರಿ, ಎಲ್ಲೂ ಒರೋಮೊ ಭಾಷೆಗೆ ಜಾಗವಿರಲಿಲ್ಲ. 1963ರಲ್ಲಿ ಹುಟ್ಟಿದ ಒರೋಮೊಗಳ ಮೆಚಾ ತುಲಾಮಾ ಸಂಘವನ್ನು ನಾಲ್ಕೇ ವರ್ಷದಲ್ಲಿ ನಿಷೇಧಿಸಿದರು. ಬರೆಯಲು ಬಿಡದಿದ್ದಾಗ ಹಾಡೇ ಪತ್ರಿಕೆ ಆಯಿತು. ಹಾಡಿನ ಕಟ್ಟಣೆಯೂ ಇದಕ್ಕೆ ಒದಗಿಬಂತು. ಎರಡೆರಡು ಸಾಲಿನ ಪದ, ಮೊದಲ ಸಾಲಿನಲ್ಲಿ ದನವೋ ಮರವೋ, ಎರಡನೆಯದರಲ್ಲಿ ಹೇಳಬೇಕಾದ ಮಾತು. ಪೊಲೀಸನಿಗೆ ದನ ಕಾಣುತ್ತದೆ, ಊರಿನವರಿಗೆ ಉಳಿದದ್ದು ಅರ್ಥವಾಗುತ್ತದೆ.

ನಮ್ಮ ಕಾಲದಲ್ಲಿ ಈ ದಾರಿಯಲ್ಲಿ ಬಂದವನು ಆಂಬೊ ಊರಿನ ಹಚಾಲು ಹುಂಡೆಸ್ಸ. ಹದಿಹರೆಯದಲ್ಲೇ ಜೈಲು ಸೇರಿ ಐದು ವರ್ಷ ಒಳಗಿದ್ದ. ಹಾಡು ಕಟ್ಟಲು ಕಲಿತದ್ದು ಅಲ್ಲೇ. 2015ರಲ್ಲಿ ರಾಜಧಾನಿ ಅಡಿಸ್ ಅಬಾಬವನ್ನು ರೈತರ ನೆಲಕ್ಕೆ ವಿಸ್ತರಿಸುವ ಯೋಜನೆಯ ವಿರುದ್ಧ ಒರೋಮೊ ಯುವಕರು ಬೀದಿಗಿಳಿದಾಗ ಅವನ ಹಾಡು ಎಲ್ಲರ ಬಾಯಲ್ಲಿತ್ತು. 2017ರ ಕೊನೆಯಲ್ಲಿ ಅಡಿಸ್ ಅಬಾಬದ ಒಂದು ಸಭೆಯಲ್ಲಿ, ಆಳುವ ಒಕ್ಕೂಟದಲ್ಲಿದ್ದ ಒರೋಮೊ ಪಕ್ಷದ ನಾಯಕರು ಎದುರಿಗೆ ಕೂತಿರುವಾಗಲೇ, ಇನ್ನೂ ಏನು ಕಾಯುತ್ತಿದ್ದೀರಿ ಎಂಬ ಧಾಟಿಯಲ್ಲಿ ಅವರನ್ನು ಕೆಣಕಿ ಹಾಡಿದ. ಹಳೆಯ ಗೇರರ್ಸದ ಧೈರ್ಯ ಅಂದರೆ ಇದೇ.

ನಾಲ್ಕು ತಿಂಗಳಲ್ಲಿ ಅಬಿಯ್ ಅಹ್ಮದ್ ಪ್ರಧಾನಿಯಾದರು. ಅವರೂ ಒರೋಮೊ. 2020ರ ಜೂನ್ 29ರಂದು ಹಚಾಲುವನ್ನು ಅಡಿಸ್ ಅಬಾಬದಲ್ಲಿ ಗುಂಡಿಟ್ಟು ಕೊಂದರು. ನಂತರದ ಗಲಭೆಗಳಲ್ಲಿ 150ಕ್ಕೂ ಜಾಸ್ತಿ ಜನ ಸತ್ತರು. ಸರ್ಕಾರ ವಾರಗಟ್ಟಲೆ ಇಂಟರ್ನೆಟ್ ನಿಲ್ಲಿಸಿತು. ಈಗ ಕುರ್ಚಿಯಲ್ಲಿ ಕೂತವರೂ ಗೇರರ್ಸ ಕೇಳಿ ಬೆಳೆದವರೇ. ಲೆಕ್ಕ ಕೇಳುವ ಹಾಡು ಈಗ ಅವರ ಬಾಗಿಲಿಗೇ ಬಂದಿದೆ. ಅದನ್ನು ಹಾಡುವವರು ಭಯವಿಲ್ಲದೆ ಹಾಡುವಂತಾಗಬೇಕು ಎಂಬುದೇ ನನ್ನ ಆಸೆ.

ನಮಸ್ಕಾರ.