ಕಣ ಎಂಬ ಮಾತು

ಕೇಳುಗರಿಗೆ ನಮಸ್ಕಾರ.

ಕುಸ್ತಿ ಇರಲಿ, ಕಬಡ್ಡಿ ಇರಲಿ, ಆಟಗಾರರು ‘ಕಣಕ್ಕಿಳಿದರು’ ಅಂತ ದಿನಾ ಕೇಳುತ್ತೇವೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ತಾತ ರಾಗಿ ಒಕ್ಕುತ್ತಿದ್ದ ಕಣ.

ಸಂಕ್ರಾಂತಿಗೆ ಮುಂಚೆ ಹೊಲದ ಒಂದು ಮಗ್ಗುಲಲ್ಲಿ ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಕಲ್ಲುಗುಂಡು ಉರುಳಿಸಿ ನೆಲ ಗಟ್ಟಿ ಮಾಡೋರು. ಮೇಲೆ ಸಗಣಿ ಬಗ್ಗಡ ಬಳಿಯೋರು. ಒಣಗಿದ ಮೇಲೆ ತಾತ ಕುಕ್ಕರಗಾಲಲ್ಲಿ ಕೂತು ಅಂಗೈಯಲ್ಲಿ ನೆಲ ಸವರಿ ನೋಡೋರು. ಒಂದು ಬಿರುಕು ಸಿಕ್ಕಿದರೂ ಮತ್ತೆ ಬಳಿಸೋರು. ರಾಗಿ ಸಾಸಿವೆಯಷ್ಟು ಸಣ್ಣ ಕಾಳು. ಬಿರುಕಿಗೆ ಬಿದ್ದರೆ ಹೋಯಿತು. ನೆಲದ ಮಣ್ಣು ಎದ್ದು ಬೆರೆತರೆ ಮುದ್ದೆ ಉಣ್ಣುವಾಗ ಹಲ್ಲಿಗೆ ಮರಳು ಸಿಗುತ್ತದೆ. ಚಪ್ಪಲಿ ಕಾಲಲ್ಲಿ ಯಾರೂ ಕಣ ತುಳಿಯುವ ಹಾಗಿರಲಿಲ್ಲ. ಕ್ರಿಕೆಟ್ ಪಿಚ್‌ಗೆ ನೀರು ಬಿಟ್ಟು ರೋಲರ್ ಎಳೆಯುವುದನ್ನು ಕಂಡರೆ ಅದೇ ಕೆಲಸ ಅನಿಸುತ್ತದೆ. ಅಳತೆಯಲ್ಲೂ ನಂಟಿದೆ ನೋಡಿ: ಪಿಚ್‌ನ 22 ಗಜ, ಅಂದರೆ 66 ಅಡಿ, ಜಮೀನು ಅಳೆಯುತ್ತಿದ್ದ ಇಂಗ್ಲಿಷರ ಸರಪಳಿಯ ಉದ್ದ. ಅದರ ಅರ್ಧ, 33 ಅಡಿ, ನಮ್ಮ ಗುಂಟೆಯ ಒಂದು ಮಗ್ಗುಲು.

ಕಣ ಎಂಬ ಮಾತಿನ ಇನ್ನೊಂದು ರೂಪ ‘ಕಳ’. ಹಳಗನ್ನಡದಲ್ಲಿ ‘ಕಳ’ ಅಂದರೆ ಒಕ್ಕುವ ಜಾಗವೂ ಹೌದು, ಯುದ್ಧಭೂಮಿಯೂ ಹೌದು. ತಮಿಳಿನ ‘ಕಳಂ’ಗೂ ಈ ಎರಡು ಅರ್ಥ ಉಂಟು. ಯಾಕಿರಬಹುದು? ನನಗೆ ತೋಚುವುದು ಹೀಗೆ: ಬೆಳೆಯುವುದು ಹೊಲದಲ್ಲಿ, ತೀರ್ಮಾನವಾಗುವುದು ಕಣದಲ್ಲಿ. ಎತ್ತುಗಳು ಕಣದ ನಡುವೆ ನೆಟ್ಟ ಮೇಟಿ ಕಂಬದ ಸುತ್ತ ತುಳಿದು ಕಾಳು ಉದುರಿದ ಮೇಲೂ, ಎಷ್ಟು ಗಟ್ಟಿಕಾಳು, ಎಷ್ಟು ಜೊಳ್ಳು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಗಾಳಿ ಬೇಕು. ‘ಗಾಳಿ ಬಂದಾಗ ತೂರಿಕೋ’ ಅನ್ನುವ ಗಾದೆ ಕಣದ ಗಾದೆ. ತಾತ ಮೊರ ಪಕ್ಕಕ್ಕಿಟ್ಟುಕೊಂಡು ಹುಣಸೆ ಎಲೆ ಅಲುಗುವುದನ್ನೇ ನೋಡುತ್ತಾ ಕೂರೋರು. ಗಾಳಿ ಎದ್ದಿತೋ, ಊಟದ ನಡುವೆಯೂ ಏಳೋರು. ಮೊರ ತಲೆಯ ಮೇಲೆತ್ತಿ ಸುರಿದರೆ ಕಾಳು ಕಾಲ ಬುಡಕ್ಕೆ, ಹೊಟ್ಟು ಆಚೆಗೆ.

ಈಗ ನಮ್ಮೂರಲ್ಲಿ ಕಣ ಮಾಡುವವರು ಕಡಿಮೆ. ಟಾರು ರಸ್ತೆಗೇ ತೆನೆ ಹರಡುತ್ತಾರೆ, ಬಸ್ಸು ಲಾರಿ ತುಳಿದು ಹೋಗುತ್ತವೆ. ಬೈಕಿನವರು ಜಾರಿ ಬಿದ್ದದ್ದನ್ನು ಕಂಡು ಸಂಕಟಪಟ್ಟಿದ್ದೇನೆ. ಮಾತೊಂದು ಮಾತ್ರ ಆಟದಲ್ಲಿ ಗಟ್ಟಿಯಾಗಿ ಉಳಿದಿದೆ.

ಅದಕ್ಕೇ ಆಟದ ವರದಿ ಮಾಡುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಪಂದ್ಯದ ದಿನ ಧಾರಾಳವಾಗಿ ಕಣ ಅನ್ನಿ. ಮಕ್ಕಳು ಬೆಳಗಿನ ಜಾವ ಎದ್ದು ಅಭ್ಯಾಸ ಮಾಡುವ ಬಯಲನ್ನು ಮಾತ್ರ ಹಾಗೆ ಕರೆಯಬೇಡಿ. ಅಲ್ಲಿ ಪೈರು ಇನ್ನೂ ತೆನೆ ಕಟ್ಟುತ್ತಿದೆ.

ನಮಸ್ಕಾರ.