ಓಟಿಲ್ಲದೆ ನೋಡಿದ ಚುನಾವಣೆ: ಹಿಲರಿ, ಒಬಾಮ, ಮೆಕೇನ್

ಎಲ್ರಿಗೂ ನಮಸ್ಕಾರ. ಮಳೆ ಬರೋ ಹಾಗಿದ್ರೂ ಇಷ್ಟು ಜನ ಬಂದಿದೀರ, ತುಂಬಾ ಸಂತೋಷ ಆಯ್ತು. ಅಮೆರಿಕದ ಎಲೆಕ್ಷನ್ ಬಗ್ಗೆ ಮಾತಾಡಿ ಅಂತ ಕೇಳಿದಾಗ ನಾನು ಒಂದೇ ಮಾತು ಹೇಳಿದ್ದು, ಈಗಿನ ಎಲೆಕ್ಷನ್ ಬೇಡ, ಅದರ ಬಿಸಿ ಇನ್ನೂ ಆರಿಲ್ಲ, 2008ರದ್ದು ಮಾತಾಡ್ತೀನಿ ಅಂತ. ಯಾಕಂದ್ರೆ ಅದನ್ನ ನಾನು ಹತ್ರದಿಂದ ನೋಡಿದೀನಿ, ಒಹಾಯೋದ ಕೊಲಂಬಸ್ ಊರಲ್ಲಿದ್ದುಕೊಂಡು. ಆಗ ನನಗೆ ಅಲ್ಲಿ ಓಟಿರ್ಲಿಲ್ಲ. ಹೆಚ್-1ಬಿ ಅನ್ನೋ ಕೆಲಸದ ವೀಸಾ, ಅಲ್ಲೇ ಕಾಯಂ ಇರೋಕೆ ಬೇಕಾದ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯ್ತಾ ಇದ್ದೆ. ತೆರಿಗೆ ಕಟ್ತಿದ್ದೆ, ಮಗಳು ಅಲ್ಲೇ ಹುಟ್ಟಿದ್ಲು, ಅವಳು ಆ ದೇಶದ ಪ್ರಜೆ, ಅಪ್ಪ ಅಮ್ಮ ಅಲ್ಲ. ಯಾರು ಗೆದ್ರೂ ನಮ್ಮ ಮನೆ ಮೇಲೆ ಪರಿಣಾಮ ಆಗೋದೇ, ಆದ್ರೆ ನಾವು ಏನೂ ಮಾಡೋ ಹಾಗಿರ್ಲಿಲ್ಲ, ನೋಡೋದು ಒಂದೇ. ಬರೀ ನೋಡೋ ಕೆಲಸ ಇದ್ದಾಗ ಮನುಷ್ಯ ಚೆನ್ನಾಗಿ ನೋಡ್ತಾನೆ ಅಂತ ನನಗನ್ಸುತ್ತೆ.

ಆ ವರ್ಷ ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗೆ ಹಿಲರಿ ಕ್ಲಿಂಟನ್ ಮತ್ತೆ ಬರಾಕ್ ಒಬಾಮ ಮೊದಲು ತಮ್ಮತಮ್ಮಲ್ಲೇ ಪೈಪೋಟಿ ಮಾಡಿದ್ರು, ಅದರಲ್ಲಿ ಗೆದ್ದ ಒಬಾಮ ಎದುರಿಗೆ ನಿಂತಿದ್ದು ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್. ಒಹಾಯೋ ಯಾಕೆ ಮುಖ್ಯ ಅಂತ ಎರಡು ಮಾತಲ್ಲಿ ಹೇಳ್ಬಿಡ್ತೀನಿ. ಅಲ್ಲಿ ದೇಶದ ಒಟ್ಟು ಓಟು ಎಣಿಸಿ ಅಧ್ಯಕ್ಷರನ್ನ ಆರಿಸಲ್ಲ, ಒಂದೊಂದು ರಾಜ್ಯಕ್ಕೂ ಇಂತಿಷ್ಟು ಎಲೆಕ್ಟರ್ಸ್, ಅಂದ್ರೆ ಅಧ್ಯಕ್ಷರನ್ನ ಆರಿಸೋ ಪ್ರತಿನಿಧಿಗಳು, ಅಂತ ಇದೆ, ಒಟ್ಟು 538, ಗೆಲ್ಲೋಕೆ 270 ಬೇಕು, ಹೆಚ್ಚುಕಮ್ಮಿ ಎಲ್ಲಾ ರಾಜ್ಯದಲ್ಲೂ ಮೊದಲು ಬಂದವರಿಗೇ ಆ ರಾಜ್ಯ ಪೂರ್ತಿ ಹೋಗುತ್ತೆ. ಆಗ ಒಹಾಯೋಗೆ 20 ಇತ್ತು. 2004ರಲ್ಲಿ ಬುಷ್ ಈ ರಾಜ್ಯನ ಗೆದ್ದಿದ್ದು ಬರೀ 1,18,000 ಚಿಲ್ಲರೆ ಓಟಲ್ಲಿ, ಅದರಿಂದಾನೇ ಅವರು ಎರಡನೇ ಸಲ ಅಧ್ಯಕ್ಷ ಆಗಿದ್ದು. ಹಂಗಾಗಿ 2008ರಲ್ಲಿ ಟಿವಿ ಹಾಕಿದ್ರೆ ಬರೀ ಪ್ರಚಾರದ ಜಾಹೀರಾತು, ಸಂಜೆ ಆದ್ರೆ ಬಾಗಿಲು ತಟ್ಟೋ ವಾಲಂಟಿಯರ್ಸ್. ನಾನು ಓಟರ್ ಅಲ್ಲಪ್ಪ ಅಂದ್ರೂ ನಿಂತು ಐದು ನಿಮಿಷ ಮಾತಾಡಿ ಹೋಗೋರು, ಒಬ್ಬ ಹುಡುಗಿ ಅಂತೂ ನಮ್ಮನೇಲಿ ಉಪ್ಪಿಟ್ಟು ತಿಂದು ಹೋದ್ಲು.

ನಮ್ಮ ಎಡಗಡೆ ಮನೇಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದ, ಅರವತ್ತು ದಾಟಿದ ಯಜಮಾನರಿದ್ರು, ಅವರ ಅಂಗಳದಲ್ಲಿ ಮೆಕೇನ್ ಬೋರ್ಡು. ಬಲಗಡೆ ಮನೇಲಿ ಒಬ್ಬ ಸ್ಕೂಲ್ ಟೀಚರ್, ಅವರದ್ದು ಒಬಾಮ ಬೋರ್ಡು. ಮಧ್ಯದಲ್ಲಿ ನಾವು, ಬೋರ್ಡಿಲ್ಲದ ಮನೆ. ಹಿಮ ಬಿದ್ರೆ ಆ ಯಜಮಾನರೇ ಮೊದಲು ಎದ್ದು ನಮ್ಮ ಮೂರೂ ಮನೆ ಮುಂದೆ ಹಿಮ ತಳ್ಳಿ ಹಾಕೋರು. ಇದು ಯಾಕೆ ಹೇಳ್ದೆ ಅಂದ್ರೆ ಆಮೇಲೆ ಅವರ ಮಾತು ಮತ್ತೆ ಬರುತ್ತೆ.

ಮೊದಲು ನನಗೆ ಇಷ್ಟ ಆಗಿದ್ದು ಹಿಲರಿ ಕ್ಲಿಂಟನ್, ಒಬಾಮ ಅಲ್ಲ. ಕಾರಣ ಹೆಲ್ತ್ ಇನ್ಶೂರೆನ್ಸ್. ಅಲ್ಲಿ ಕೆಲಸದ ಜೊತೆ ಇನ್ಶೂರೆನ್ಸ್ ಅಂಟಿಕೊಂಡಿರುತ್ತೆ, ಕೆಲಸ ಹೋದ್ರೆ ಅದೂ ಹೋಯ್ತು. ಕೋಬ್ರಾ ಅಂತ ಒಂದು ಕಾನೂನಿದೆ, ಪೂರ್ತಿ ಪ್ರೀಮಿಯಂ ನೀವೇ ಕಟ್ಟಿದ್ರೆ ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು, ಆದ್ರೆ ಸಂಬಳ ನಿಂತವನು ಎಲ್ಲಿಂದ ಕಟ್ತಾನೆ? ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬರಿಗೆ ಹಂಗೇ ಆಯ್ತು, ಅವರ ಹೆಂಡತಿಗೆ ಸಕ್ಕರೆ ಕಾಯಿಲೆ, ಹಳೇ ಕಾಯಿಲೆ ಇದೆ ಅಂತ ಹೊಸ ಪಾಲಿಸಿ ಕೊಡೋಕೆ ಯಾರೂ ಒಪ್ಪಲಿಲ್ಲ, ಇನ್ಸುಲಿನ್ ಲೆಕ್ಕ ಹಾಕಿ ಹಾಕಿ ತಗೋತಿದ್ರು. ನಮ್ಮ ದೊಡ್ಡಾಸ್ಪತ್ರೆ ಇಲ್ಲಿ ಹೇಗೇ ಇರಲಿ, ಬಡವನಿಗೆ ಹೋಗೋಕೆ ಒಂದು ಬಾಗಿಲಾದ್ರೂ ಇದೆ. ಹಿಲರಿ ಈ ವಿಷಯಕ್ಕೆ 1993ರಿಂದ ಬಡಿದಾಡಿದ್ದೋರು, ಆಗ ಸೋತಿದ್ರು. 2008ರಲ್ಲಿ ಅವರು ಎಲ್ರೂ ಇನ್ಶೂರೆನ್ಸ್ ತಗೊಳ್ಳಲೇಬೇಕು ಅಂತ ಕಡ್ಡಾಯ ಮಾಡೋಣ ಅಂದ್ರು, ಆರೋಗ್ಯವಾಗಿರೋರೂ ಸೇರಿದ್ರೆ ತಾನೇ ಕಾಯಿಲೆಯವರ ಖರ್ಚು ಹಂಚಿ ಹೋಗೋದು. ಒಬಾಮ ಬೇಡ, ಮಕ್ಕಳಿಗೆ ಮಾತ್ರ ಕಡ್ಡಾಯ ಸಾಕು ಅಂದ್ರು. ಆಮೇಲೆ 2010ರಲ್ಲಿ ಅದೇ ಒಬಾಮ ಸೈನ್ ಮಾಡಿದ ಕಾನೂನಲ್ಲಿ ದೊಡ್ಡೋರಿಗೂ ಕಡ್ಡಾಯ ಇತ್ತು. ಅಂದ್ರೆ ಈ ವಾದದಲ್ಲಿ ಸರಿ ಇದ್ದಿದ್ದು ಹಿಲರಿನೇ, ಈ ಮಾತನ್ನ ಜನ ಈಗ ಮರೆತುಬಿಟ್ಟಿದಾರೆ, ನನಗೆ ಅದು ಬೇಜಾರು.

ಆದ್ರೆ ಎರಡು ವಿಷಯಕ್ಕೆ ಅವರು ನನ್ನ ಮನಸ್ಸಲ್ಲಿ ಇಳಿದ್ರು. ಒಂದು ಇರಾಕ್ ಯುದ್ಧ, 2002ರ ಅಕ್ಟೋಬರ್ ನಲ್ಲಿ ಸೆನೆಟ್ ನಲ್ಲಿ, ಅಂದ್ರೆ ಅಲ್ಲಿನ ಮೇಲ್ಮನೇಲಿ, ಯುದ್ಧದ ಪರ ಓಟು ಹಾಕಿದ್ರು. ಅದೇ ತಿಂಗಳು ಒಬಾಮ ಅನ್ನೋ ಇಲಿನಾಯ್ ರಾಜ್ಯದ ಶಾಸಕರು ಷಿಕಾಗೋದಲ್ಲಿ ನಿಂತು ಈ ಯುದ್ಧ ಬೇಡ ಅಂದಿದ್ರು. ಇನ್ನೊಂದು 2008ರ ಮೇ ತಿಂಗಳಲ್ಲಿ ಒಂದು ಸಂದರ್ಶನದಲ್ಲಿ, ಕಷ್ಟಪಟ್ಟು ದುಡಿಯೋ ಬಿಳಿ ಜನ ನನ್ನ ಕಡೆ ಇದಾರೆ ಅನ್ನೋ ಅರ್ಥ ಬರೋ ಹಾಗೆ ಮಾತಾಡಿದ್ರು. ಅದನ್ನ ಓದಿದಾಗ ನಮ್ಮ ಬಲಗಡೆ ಮನೆ ಟೀಚರಮ್ಮ, ಅವರು ಕಪ್ಪು ಜನಾಂಗದೋರು, ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಸಂಜೆ ಆರಕ್ಕೆ ಬರೋರು, ಅವರ ಮುಖ ನನ್ನ ಕಣ್ಮುಂದೆ ಬಂತು. ಅವರು ದುಡಿಯಲ್ವಾ?

ಆದ್ರೂ ಸೋತ ಮೇಲೆ ಹಿಲರಿ ನಡ್ಕೊಂಡ ರೀತಿಗೆ ನಾನು ಕೈ ಮುಗಿತೀನಿ. ಹತ್ತಿರ ಹತ್ತಿರ 1.8 ಕೋಟಿ ಓಟು ಬಂದಿತ್ತು ಅವರಿಗೆ, ಜೂನ್ 7ಕ್ಕೆ ವಾಷಿಂಗ್ಟನ್ ನಲ್ಲಿ ಸೋಲೊಪ್ಪಿಕೊಂಡ್ರು. ಆಗಸ್ಟ್ ನಲ್ಲಿ ಡೆನ್ವರ್ ನಲ್ಲಿ ನಡೆದ ಪಕ್ಷದ ಸಮ್ಮೇಳನದಲ್ಲಿ ಯಾರಿಗೆ ಎಷ್ಟು ಬೆಂಬಲ ಅಂತ ರಾಜ್ಯ ರಾಜ್ಯದ ಲೆಕ್ಕ ಕೂಗ್ತಾ ತಮ್ಮ ರಾಜ್ಯ ನ್ಯೂಯಾರ್ಕ್ ಸರದಿ ಬಂದಾಗ ತಾವೇ ಎದ್ದು ನಿಂತು, ಎಣಿಕೆ ಇಲ್ಲಿಗೆ ನಿಲ್ಲಿಸಿ, ಎಲ್ರೂ ಒಟ್ಟಿಗೆ ಒಬಾಮ ಅವರನ್ನ ಒಪ್ಪೋಣ ಅಂದ್ರು. ಅವರ ಬೆಂಬಲಿಗರಲ್ಲಿ ಒಬಾಮಗೆ ಮಾತ್ರ ಹಾಕಲ್ಲ ಅಂತ ಹಠ ಹಿಡಿದ ಹೆಂಗಸರು ತುಂಬಾ ಜನ ಇದ್ರು, ಅವರ ಸಿಟ್ಟಿಗೆ ಇವರು ಎಣ್ಣೆ ಸುರೀಲಿಲ್ಲ.

ಅಲ್ಲಿಂದಲೇ ನನಗೆ ಒಂದು ಅಳತೆಗೋಲು ಸಿಕ್ಕಿದ್ದು. ಎದುರಾಳಿನ ಬೈಯೋದು ಯಾರಿಗಾದ್ರೂ ಬರುತ್ತೆ. ತನ್ನ ಕಡೆಯೋರೇ ತಪ್ಪು ಮಾತಾಡ್ದಾಗ ಈ ಮನುಷ್ಯ ಏನ್ ಮಾಡ್ತಾನೆ, ಅದನ್ನ ನೋಡ್ಬೇಕು. ಇವತ್ತು ನಾನು ಹೇಳೋಕೆ ಬಂದಿರೋದೇ ಇದು.

ಒಬಾಮಗೆ ಈ ಪರೀಕ್ಷೆ ಬಂದಿದ್ದು ಮಾರ್ಚ್ ನಲ್ಲಿ. ಅವರ ಚರ್ಚಿನ ಪಾದ್ರಿ ಜೆರೆಮಿಯಾ ರೈಟ್ ಅಮೆರಿಕಕ್ಕೆ ದೇವರ ಶಾಪ ತಟ್ಟಲಿ ಅನ್ನೋ ಹಾಗೆ ಮಾತಾಡಿದ ಹಳೇ ವಿಡಿಯೋ ಟಿವಿಲಿ ಬರೋಕೆ ಶುರುವಾಯ್ತು, ಒಬಾಮ ಅವರ ಮದುವೆ ಮಾಡಿಸಿದ್ದ ಪಾದ್ರಿ ಅವರು. ಎಲ್ರೂ ಒಬಾಮ ಕಥೆ ಮುಗೀತು ಅಂದ್ರು. ಮಾರ್ಚ್ 18ಕ್ಕೆ ಫಿಲಡೆಲ್ಫಿಯಾದಲ್ಲಿ ನಿಂತು ಅರ್ಧ ಗಂಟೆಗಿಂತ ಜಾಸ್ತಿ ಮಾತಾಡಿದ್ರು. ಆ ಮಾತುಗಳು ತಪ್ಪು ಅಂತ ಸ್ಪಷ್ಟವಾಗಿ ಹೇಳಿದ್ರು, ಆದ್ರೆ ಮನುಷ್ಯನನ್ನ ಬಿಸಾಕಲಿಲ್ಲ. ನನ್ನನ್ನ ಸಾಕಿ ಬೆಳೆಸಿದ ಬಿಳಿ ಅಜ್ಜಿ ಇದಾರೆ, ನನ್ನನ್ನ ಪ್ರಾಣದಷ್ಟು ಪ್ರೀತಿಸಿದೋರು, ಅವರೂ ಒಮ್ಮೆ ರಸ್ತೇಲಿ ಕಪ್ಪು ಗಂಡಸು ಎದುರಿಗೆ ಬಂದ್ರೆ ಭಯ ಆಗುತ್ತೆ ಅಂದಿದ್ರು, ಅಜ್ಜಿನ ಬಿಡೋಕಾಗಲ್ಲ ಅಂದ್ಮೇಲೆ ಪಾದ್ರಿನ ಬಿಡೋಕಾಗುತ್ತಾ, ಇಬ್ರೂ ನನ್ನೊಳಗಿದಾರೆ, ಈ ದೇಶದ ಒಳಗಿದಾರೆ, ಅನ್ನೋದು ಅವರ ಮಾತಿನ ತಿರುಳು.

ಅದನ್ನ ನಾನು ಆಫೀಸಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆಗೆದಿಟ್ಕೊಂಡು ಕೇಳಿದ್ದು, ಅನ್ನ ಹಾಗೇ ಆರಿ ಹೋಯ್ತು. ಯಾಕಂದ್ರೆ ನನಗೆ ನಮ್ಮಜ್ಜಿ ನೆನಪಾದ್ರು. ನಮ್ಮಜ್ಜಿ ಹಸಿದು ಬಂದವರನ್ನ ಯಾವತ್ತೂ ಹಂಗೇ ಕಳಿಸಿದೋರಲ್ಲ, ಆದ್ರೆ ಹಿತ್ತಲಲ್ಲಿ ಒಂದು ಬೇರೆ ಲೋಟ ಇರ್ತಿತ್ತು, ಕೆಲಸಕ್ಕೆ ಬರೋರಿಗೆ ಅದರಲ್ಲೇ ಕಾಫಿ, ಕುಡಿದು ಅವರೇ ತೊಳೆದು ಬೋರಲು ಹಾಕಿ ಹೋಗ್ಬೇಕು. ನಾನು ಹುಡುಗ, ನೋಡ್ತಾ ಇದ್ದೆ, ಏನೂ ಕೇಳಲಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷ ಆದ ಮೇಲೆ ಎಲ್ಲೋ ಕೊಲಂಬಸ್ ನಲ್ಲಿ ಕೂತು, ಪ್ರೀತಿಸೋರ ತಪ್ಪನ್ನ ತಪ್ಪು ಅಂತ ಹೇಳಿಯೂ ಪ್ರೀತಿಸಬಹುದು ಅಂತ ಒಬ್ಬ ರಾಜಕಾರಣಿ ಬಾಯಲ್ಲಿ ಕೇಳಬೇಕಾಯ್ತು. ಏಪ್ರಿಲ್ ಕೊನೇಲಿ ಆ ಪಾದ್ರಿ ಮತ್ತೆ ವಾಷಿಂಗ್ಟನ್ ನಲ್ಲಿ ಪತ್ರಕರ್ತರ ಮುಂದೆ ಅದೇ ಧಾಟೀಲಿ ಮಾತಾಡಿದಾಗ ಒಬಾಮ ಸಂಬಂಧ ಕಡಿದುಕೊಂಡ್ರು, ಅದೂ ಸರಿನೇ ಇರಬಹುದು, ಆದ್ರೆ ನನ್ನ ಪಾಲಿಗೆ ದೊಡ್ಡದು ಮೊದಲನೇ ಭಾಷಣ. ಆ ಅಜ್ಜಿ ಚುನಾವಣೆಗೆ ಎರಡು ದಿನ ಮುಂಚೆ ಹವಾಯಿಯಲ್ಲಿ ತೀರಿಕೊಂಡ್ರು, ಮೊಮ್ಮಗ ಗೆದ್ದಿದ್ದನ್ನ ನೋಡ್ಲಿಲ್ಲ.

ಈಗ ಮೆಕೇನ್. ಇವರ ಬಗ್ಗೆ ಗೌರವ ಇಲ್ಲದೆ ಮಾತಾಡೋಕೆ ನನ್ನಿಂದ ಆಗಲ್ಲ. 1967ರಲ್ಲಿ ಹನೋಯ್ ಮೇಲೆ ಅವರ ವಿಮಾನ ಹೊಡೆದುರುಳಿಸಿದ್ರು, ಕೆರೆಗೆ ಬಿದ್ದು ಕೈಕಾಲು ಮುರಿದು ಐದೂವರೆ ವರ್ಷ ಸೆರೇಲಿದ್ರು. ಮಾರನೇ ವರ್ಷ ಅವರಪ್ಪ ಪೆಸಿಫಿಕ್ ಪಡೆಗಳಿಗೆಲ್ಲ ಮುಖ್ಯಸ್ಥರಾದಾಗ ವಿಯೆಟ್ನಾಮಿನೋರು ನಿನ್ನನ್ನ ಬಿಡ್ತೀವಿ ಹೋಗು ಅಂದ್ರು, ನನಗಿಂತ ಮುಂಚೆ ಸಿಕ್ಕಿಬಿದ್ದೋರು ಮೊದಲು ಹೋಗ್ಲಿ ಅಂತ ಇವರು ಒಪ್ಪಲಿಲ್ಲ. ಅದಕ್ಕೆ ಮತ್ತೆ ಹೊಡೆತ. ನಮ್ಮ ಎಡಗಡೆ ಮನೆ ಯಜಮಾನರು ಯುದ್ಧದ ಬಗ್ಗೆ ಬಾಯೇ ಬಿಡ್ತಿರ್ಲಿಲ್ಲ, ಒಂದೇ ಸಲ ಹೇಳಿದ್ರು, "ಆ ಬಾಗಿಲು ತೆಗೆದಿದ್ರೆ ನಾನು ಓಡಿ ಹೋಗ್ತಿದ್ದೆ, ಅದಕ್ಕೇ ನನ್ನ ಓಟು ಅವನಿಗೆ" ಅಂತ. ಇದಕ್ಕೆ ನಾನೇನು ವಾದ ಮಾಡ್ಲಿ?

ಅಕ್ಟೋಬರ್ 10, ಮಿನೆಸೋಟದ ಲೇಕ್‌ವಿಲ್ ಅನ್ನೋ ಊರು. ಮೆಕೇನ್ ಸಭೆ. ಒಬ್ಬ ಎದ್ದು, ಒಬಾಮ ಅಧ್ಯಕ್ಷ ಆದ್ರೆ ಭಯ ಆಗುತ್ತೆ ಅಂದ. ಮೆಕೇನ್, ಅವರು ಸಭ್ಯ ಮನುಷ್ಯ, ಹೆದರಬೇಕಾಗಿಲ್ಲ ಅಂದ್ರು, ಅವರದ್ದೇ ಜನ ಅವರ ಮುಖಕ್ಕೇ ಬೂ ಅಂತ ಕೂಗಿದ್ರು. ಆಮೇಲೆ ಒಬ್ಬ ಹೆಂಗಸು ಮೈಕ್ ಹಿಡಿದು, ಅವನು ಅರಬ್ ಅಂತೆ, ನನಗೆ ನಂಬಿಕೆ ಇಲ್ಲ ಅಂದ್ಲು. ಮೆಕೇನ್ ತಲೆ ಅಲ್ಲಾಡಿಸ್ತಾ ಅವಳ ಕೈಯಿಂದ ಮೈಕ್ ತಗೊಂಡು, ಇಲ್ಲಮ್ಮ, ಅವರು ಸಂಸಾರವಂತ, ಈ ದೇಶದ ಪ್ರಜೆ, ನನಗೂ ಅವರಿಗೂ ಭಿನ್ನಾಭಿಪ್ರಾಯ ಇದೆ ಅಷ್ಟೇ ಅಂದ್ರು. ಸೋಲ್ತಾ ಇರೋ ಹೊತ್ತಲ್ಲಿ, ಇನ್ನು ನಾಲ್ಕು ವಾರ ಕೂಡ ಉಳಿದಿಲ್ಲದಾಗ, ತನಗೆ ಚಪ್ಪಾಳೆ ಹೊಡೆಯೋಕೆ ಬಂದವರಿಗೆ ಇಲ್ಲ ಅಂತ ಹೇಳೋದು ಸಣ್ಣ ಮಾತಲ್ಲ.

ಆದ್ರೆ ಆ ಉತ್ತರದಲ್ಲೂ ಒಂದು ಮುಳ್ಳಿದೆ. ಅರಬ್ ಅಲ್ಲ, ಸಂಸಾರವಂತ ಅಂದ್ರೆ ಏನರ್ಥ, ಅರಬರು ಸಂಸಾರವಂತರಲ್ವಾ? ನಮ್ಮ ಟೀಮಲ್ಲಿ ಒಬ್ಬ ಲೆಬನಾನ್ ಮೂಲದ ಹುಡುಗ ಇದ್ದ, ಆ ಮಾತು ಕೇಳಿ ಅವತ್ತು ಒಂಥರ ಮಂಕಾಗಿದ್ದ. ಅದಕ್ಕೆ ಉತ್ತರ ಒಂಬತ್ತು ದಿನ ಆದ್ಮೇಲೆ ಕಾಲಿನ್ ಪಾವೆಲ್ ಕೊಟ್ರು. ಅವರು ರಿಪಬ್ಲಿಕನ್ನರು, ಬುಷ್ ಸರ್ಕಾರದ ವಿದೇಶಾಂಗ ಮಂತ್ರಿ ಆಗಿದ್ದೋರು. ಟಿವಿಲಿ ಕೂತು, ನಾನು ಒಬಾಮಗೆ ಓಟು ಹಾಕ್ತೀನಿ, ಅವರು ಕ್ರೈಸ್ತರೇ, ಆದ್ರೆ ಮುಸ್ಲಿಂ ಆಗಿದ್ರೂ ತಪ್ಪೇನು ಅಂತ ಕೇಳಿದ್ರು, ಇರಾಕ್ ನಲ್ಲಿ ಸತ್ತ ಒಬ್ಬ ಮುಸ್ಲಿಂ ಸೈನಿಕನ ಸಮಾಧಿಗೆ ತಲೆ ಇಟ್ಟು ಕೂತ ತಾಯಿಯ ಫೋಟೋ ಬಗ್ಗೆ ಹೇಳಿದ್ರು. ಆ ವರ್ಷ ಎರಡೂ ಪಕ್ಷದಲ್ಲಿ ಯಾವ ಅಭ್ಯರ್ಥಿನೂ ಇಷ್ಟು ನೇರವಾಗಿ ಆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ, ಒಬಾಮ ಕೂಡ.

ಇಷ್ಟಾದ್ರೂ ನನ್ನ ಮನಸ್ಸು ಮೆಕೇನ್ ಕಡೆ ಹೋಗಲಿಲ್ಲ. ಮೊದಲನೇ ಕಾರಣ ಸಾರಾ ಪೇಲಿನ್. ಆಗಸ್ಟ್ 29, ಮೆಕೇನ್ ಗೆ 72 ತುಂಬಿದ ದಿನ, ನಮ್ಮ ಒಹಾಯೋದ ಡೇಟನ್ ನಲ್ಲೇ ಅವರನ್ನ ಉಪಾಧ್ಯಕ್ಷೆ ಅಭ್ಯರ್ಥಿ ಅಂತ ತೋರಿಸಿದ್ರು. ಅಲಾಸ್ಕಾ ಗವರ್ನರ್ ಆಗಿ ಎರಡು ವರ್ಷ ಕೂಡ ಆಗಿರ್ಲಿಲ್ಲ. ಹೆಂಗಸು ಅಂತಲ್ಲ, ಚಿಕ್ಕ ಊರು ಅಂತಲ್ಲ, ಸಭೆ ಸಭೇಲೂ ಒಬಾಮ ಭಯೋತ್ಪಾದಕರ ಜೊತೆ ಓಡಾಡ್ತಾನೆ ಅನ್ನೋ ಹಾಗೆ ಮಾತಾಡಿದ್ರು, ಮೆಕೇನ್ ಅದನ್ನ ನಿಲ್ಲಿಸಲಿಲ್ಲ. ಲೇಕ್‌ವಿಲ್ ಹೆಂಗಸಿನ ಮೈಕ್ ಕಿತ್ಕೊಂಡ ಅದೇ ಕೈ ಪೇಲಿನ್ ಮೈಕ್ ಹತ್ರ ಹೋಗಲಿಲ್ಲ ನೋಡಿ, ಅಲ್ಲೇ ನನ್ನ ಅಳತೆಗೋಲಲ್ಲಿ ಅವರು ಬಿದ್ದಿದ್ದು. ಎರಡನೇದು ಸೆಪ್ಟೆಂಬರ್ 15, ಲೇಮನ್ ಬ್ರದರ್ಸ್ ಅನ್ನೋ ದೊಡ್ಡ ಬ್ಯಾಂಕು ದಿವಾಳಿ ಎದ್ದ ದಿನ, ನಮ್ಮ ಅರ್ಥವ್ಯವಸ್ಥೆಯ ಬುನಾದಿ ಗಟ್ಟಿ ಇದೆ ಅಂದ್ರು ಮೆಕೇನ್. ಎರಡು ವಾರ ಆದ್ಮೇಲೆ ಬ್ಯಾಂಕುಗಳನ್ನ ಉಳಿಸೋಕೆ ತಂದ 70,000 ಕೋಟಿ ಡಾಲರ್ ಪ್ಯಾಕೇಜನ್ನ ಕೆಳಮನೆ ತಿರಸ್ಕರಿಸಿ ಷೇರು ಮಾರ್ಕೆಟ್ ಒಂದೇ ದಿನ 777 ಪಾಯಿಂಟ್ ಬಿತ್ತು. ನಮ್ಮ ಆಫೀಸಲ್ಲಿ ಶುಕ್ರವಾರ ಬಂತು ಅಂದ್ರೆ ಹೊಟ್ಟೇಲಿ ಸಂಕಟ, ಯಾರ ಡೆಸ್ಕ್ ಖಾಲಿ ಆಗುತ್ತೋ ಅಂತ. ಹೆಚ್-1ಬಿ ಮೇಲಿರೋನಿಗೆ ಕೆಲಸ ಹೋದ್ರೆ ಮನೆನೂ ಹೋಯ್ತು, ದೇಶನೂ ಬಿಡ್ಬೇಕು. ಆ ದಿನಗಳಲ್ಲಿ ಒಬಾಮ ಗಾಬರಿ ಬೀಳ್ದೆ ಮಾತಾಡ್ತಿದ್ದಿದ್ದು ನಮ್ಮಂಥೋರಿಗೆ ಎಷ್ಟು ಧೈರ್ಯ ಕೊಡ್ತು ಅಂತ ಹೇಳೋಕಾಗಲ್ಲ.

ಹಾಗಂತ ಒಬಾಮ ನನಗೆ ನೋವು ಕೊಟ್ಟಿಲ್ಲ ಅಂತಲ್ಲ. ಗೆದ್ದ ಮೇಲೆ 2009ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಬಫಲೋದಲ್ಲಿ ಕೆಲಸ ಕೊಟ್ರೆ ಜಾಸ್ತಿ ತೆರಿಗೆ, ಬೆಂಗಳೂರಲ್ಲಿ ಕೊಟ್ರೆ ಕಮ್ಮಿ, ಇದು ಸರಿಯಲ್ಲ ಅಂದ್ರು. ವಿದೇಶದ ಲಾಭಕ್ಕೆ ಕಂಪನಿಗಳು ತೆರಿಗೆ ಮುಂದೂಡೋದನ್ನ ತಡೀಬೇಕು ಅನ್ನೋ ವಾದ ಅದು, ವಾದದಲ್ಲಿ ನ್ಯಾಯ ಇದೆ, ಒಪ್ತೀನಿ. ಆದ್ರೆ ಆ ಕಂಪನಿಗಳ ಹೆಸರು ಹೇಳೋ ಬದಲು ನಮ್ಮ ಕಡೆಯ ಊರಿನ ಹೆಸರು ಹೇಳಿದ್ರು. ಮಾರನೇ ದಿನ ಊಟದ ಟೇಬಲ್ ನಲ್ಲಿ ನಾಲ್ಕು ಜನ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ತನ್ನ ಕಡೆಯೋರು ಹೊರಗಿನವರ ಮೇಲೆ ಸಿಟ್ಟಲ್ಲಿದ್ದಾಗ ಆ ಸಿಟ್ಟನ್ನ ತಿದ್ದಬೇಕಿತ್ತು, ಅವತ್ತು ಅವರು ತಿದ್ದಲಿಲ್ಲ.

ಹಂಗಿದ್ರೂ ಓಟಿದ್ದಿದ್ರೆ ಯಾರಿಗೆ ಹಾಕ್ತಿದ್ದೆ ಅಂದ್ರೆ ಒಬಾಮಗೇ. ಫಿಲಡೆಲ್ಫಿಯಾ ಭಾಷಣಕ್ಕೆ, ಇರಾಕ್ ವಿಷಯಕ್ಕೆ, ಆ ಇನ್ಸುಲಿನ್ ಲೆಕ್ಕ ಹಾಕ್ತಿದ್ದ ಹೆಂಗಸಿಗೋಸ್ಕರ.

ನವೆಂಬರ್ 4, ರಾತ್ರಿ 11 ಗಂಟೆಗೆ ಟಿವಿಯೋರು ಒಬಾಮ ಗೆದ್ರು ಅಂದ್ರು. ಕೊನೆ ಲೆಕ್ಕ 365 - 173. ಬಲಗಡೆ ಮನೆಯಿಂದ ಟೀಚರಮ್ಮ ಚಪ್ಪಲಿ ಕೂಡ ಹಾಕ್ಕೊಳ್ದೆ ಓಡಿ ಬಂದು ನನ್ನ ಹೆಂಡತಿನ ತಬ್ಬಿಕೊಂಡು ಅತ್ರು. ಆ ಹೊತ್ತಲ್ಲೇ ಫೀನಿಕ್ಸ್ ನಲ್ಲಿ ಮೆಕೇನ್ ಮಾತಾಡೋಕೆ ಬಂದ್ರು, ಒಬಾಮ ಹೆಸರೆತ್ತಿದ ಕೂಡ್ಲೇ ಜನ ಬೂ ಅಂದ್ರು, ಅವರು ಕೈಯೆತ್ತಿ ಸುಮ್ಮನಿರಿಸಿದ್ರು. ನೂರು ವರ್ಷದ ಹಿಂದೆ ಬುಕರ್ ಟಿ. ವಾಷಿಂಗ್ಟನ್ ಅನ್ನೋ ಕಪ್ಪು ಜನಾಂಗದ ನಾಯಕರನ್ನ ಶ್ವೇತಭವನಕ್ಕೆ ಊಟಕ್ಕೆ ಕರೆದಿದ್ದೇ ದೊಡ್ಡ ಗಲಾಟೆ ಆಗಿತ್ತು, ಆ ಅಮೆರಿಕ ಈಗ ಇಲ್ಲ ಅಂದ್ರು. ಬೆಳಿಗ್ಗೆ ನಾನು ಕಸ ಇಡೋಕೆ ಹೊರಗೆ ಬಂದಾಗ ಎಡಗಡೆ ಮನೆ ಯಜಮಾನರು ತಮ್ಮ ಬೋರ್ಡು ಕಿತ್ತು ಗ್ಯಾರೇಜಿನ ಗೋಡೆಗೆ ಒರಗಿಸ್ತಾ ಇದ್ರು. ಟೀಚರಮ್ಮನ ಬಾಗಿಲ ಕಡೆ ನೋಡಿ, "ಅವಳು ಎದ್ದಿಲ್ವಾ ಇನ್ನೂ, ಕಂಗ್ರಾಟ್ಸ್ ಹೇಳ್ಬೇಕಿತ್ತು" ಅಂದ್ರು.

ಮೆಕೇನ್ 2018ರ ಆಗಸ್ಟ್ ನಲ್ಲಿ ತೀರಿಕೊಂಡ್ರು. ಅಷ್ಟೊತ್ತಿಗೆ ನಾವು ಮೈಸೂರಿಗೆ ವಾಪಸ್ ಬಂದಿದ್ವಿ. ವಾಷಿಂಗ್ಟನ್ ಕೆಥೆಡ್ರಲ್ ನಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆನ ರಾತ್ರಿ ನಮ್ಮನೇಲಿ ಲೈವ್ ಹಾಕಿದ್ದೆ, ಅಮ್ಮ ಪಕ್ಕದಲ್ಲಿ ಹೂ ಕಟ್ತಾ ಕೂತಿದ್ರು. 2000ದಲ್ಲಿ ಪಕ್ಷದೊಳಗೇ ಅವರನ್ನ ಸೋಲಿಸಿದ್ದ ಬುಷ್ ಮಾತಾಡಿದ್ರು, ಆಮೇಲೆ 2008ರಲ್ಲಿ ಸೋಲಿಸಿದ್ದ ಒಬಾಮ. ಇವರಿಬ್ರೂ ಯಾರು ಅಂತ ಅಮ್ಮ ಕೇಳಿದ್ರು, ಹೇಳಿದೆ. "ಸೋಲಿಸಿದೋರನ್ನ ಕರೆಸಿ ಮಾತಾಡಿಸ್ತಾರೇನೋ?" ಅಂದ್ರು. ಅವರೇ ಹೇಳಿಟ್ಟು ಹೋಗಿದ್ರಮ್ಮ, ಇವರಿಬ್ರೂ ಮಾತಾಡ್ಬೇಕು ಅಂತ, ಅಂದೆ. ಅಮ್ಮ ಹೂ ಕಟ್ಟೋದು ನಿಲ್ಲಿಸಿ, ಒಬಾಮ ಮಾತು ಮುಗಿಯೋವರೆಗೂ ನೋಡಿದ್ರು.