ಹಡಗು ಇಳಿದ ಮ್ಯಾಲ ಊರು ಎಲ್ಲದ? ಕ್ರೂಸ್ ಪೋರ್ಟಿಂದ ಊರೊಳಗ ನಾವೇ ಸ್ವಂತ ಹೋಗೋದು | ಬೀದರ್ ವ್ಲಾಗ್

ಈ ಕಾಗದ ನೋಡ್ರಿ, ಝೂಮ್ ಮಾಡಿ ತೋರಸ್ತೀನಿ, ನಮ್ಮ ಕ್ರೂಸ್‌ನ ಐಟಿನರಿ ಇದು, ಅಂದ್ರ ಹಡಗು ಯಾವ ದಿನ ಯಾವ ಊರಿಗೆ ಹೋಗ್ತದ ಅನ್ನೋ ಪಟ್ಟಿ. ಇಲ್ಲಿ ದೊಡ್ಡ ಅಕ್ಷರದಾಗ ಕೌಲಾಲಂಪುರ ಅಂತ ಹಾಕ್ಯಾರ, ಅದರ ಬಾಜೂಕ ಇರುವಿ ಸಾಲಿನಂಗ ಸಣ್ಣ ಅಕ್ಷರದಾಗ ಪೋರ್ಟ್ ಕ್ಲಾಂಗ್ ಅಂತ ಅದ. ರೊಕ್ಕ ಕಟ್ಟೋದು ದೊಡ್ಡ ಅಕ್ಷರ ನೋಡಿ, ಇಳಿಯೋದು ಸಣ್ಣ ಅಕ್ಷರದಾಗ. ಇವತ್ತಿನ ವಿಡಿಯೋ ಪೂರಾ ಈ ಸಣ್ಣ ಅಕ್ಷರದ್ದೇ.

ಹೋದ ವಿಡಿಯೋದಾಗ ಹಡಗಿನ ಒಳಗಿಂದೆಲ್ಲಾ ತೋರ್ಸಿದ್ದೆ, ಬಫೆ, ಈಜುಕೊಳ, ನಮ್ಮವ್ವ ಬಾಲ್ಕನಿಯಾಗ ಸೀರಿ ಒಣಹಾಕಿದ್ದು ಸೈತ. ಆಮ್ಯಾಲ ಭಾಳ ಮಂದಿ ಕೇಳಿದ್ದು ಒಂದೇ: ಹಡಗಿನವ್ರ ಟೂರ್ ತಗೊಳ್ಳಲಾರ್ದ ಊರು ನೋಡ್ಲಿಕ್ಕೆ ಆಗ್ತದೇನ್ರಿ, ಅವ್ರು ಡಾಲರ್‌ನಾಗ ಹೇಳ್ತಾರ, ನಾಕು ಮಂದಿ ಇದ್ರ ಎದಿ ಧಸಕ್ಕಂತದ. ಆಗ್ತದ. ಆದ್ರ ಎಲ್ಲಾ ಪೋರ್ಟಿನಾಗೂ ಅಲ್ಲ.

ಕೌಲಾಲಂಪುರ ಅಂದ್ರ ನಮ್ ತಲ್ಯಾಗ ಬರೋದು ಆ ಜೋಡಿ ಟವರ್. ಅಲ್ಲಿ ಸಮುದ್ರ ಎಲ್ಲದ? ಇಲ್ಲೇ ಇಲ್ಲ. ಹಡಗು ನಿಲ್ಲೋದು ಪುಲಾವ್ ಇಂದಾ ಅನ್ನೋ ಒಂದು ದ್ವೀಪದಾಗ, ಸುತ್ತ ಕಂಟೇನರು, ಕ್ರೇನು, ಅಲ್ಲಿಂದ ಊರಿಗೆ ಕಾರಿನಾಗ ಒಂದು ತಾಸಿನ ಮ್ಯಾಲೇ ಬೇಕು. ಹೈದರಾಬಾದ್ ಅಂತ ಟಿಕೆಟ್ ಹರಿದು ಝಹೀರಾಬಾದ್‌ನಾಗ ಇಳಿಸಿದಂಗ ಲೆಕ್ಕ. ಇದು ಮೋಸ ಅಂತ ನಾ ಅನ್ನಂಗಿಲ್ಲ, ಕ್ರೂಸ್ ಲೋಕದಾಗ ಎಲ್ಲಾರೂ ಹಿಂಗೇ ಬರೀತಾರ, ರೋಮ್ ಅಂದ್ರ ಚಿವಿತಾವೆಕ್ಕಿಯಾ, ಫ್ಲಾರೆನ್ಸ್ ಅಂದ್ರ ಲಿವೋರ್ನೊ, ಅಥೆನ್ಸ್ ಅಂದ್ರ ಪಿರೇಯಸ್, ಪ್ಯಾರಿಸ್ ಅಂದ್ರ ಲೆ ಹಾವ್ರ್, ಬ್ಯಾಂಕಾಕ್ ಅಂದ್ರ ಲೇಮ್ ಚಬಾಂಗ್. ಆ ಬ್ಯಾಂಕಾಕ್ ಅಂತೂ ನೂರು ಕಿಲೋಮೀಟರ್ ದಾಟ್ತದ. ಅದಕ್ಕ ಬುಕಿಂಗ್ ಮಾಡೂ ಮೊದ್ಲ ಮ್ಯಾಪಿನಾಗ ಆ ಸಣ್ಣ ಅಕ್ಷರದ ಹೆಸರು ಹೊಡೀರಿ, ಅದರಾಗೂ ಟರ್ಮಿನಲ್ ಹೆಸರು ಸಿಕ್ರ ಅದನ್ನೇ ಹೊಡೀರಿ, ಯಾಕಂದ್ರ ಒಂದೇ ಊರಿಗೆ ಎರಡು ಟರ್ಮಿನಲ್ ಇರ್ತಾವ, ಸಿಂಗಾಪುರದಾಗೇ ಹಂಗದ, ಮರೀನಾ ಬೇ ಒಂದು, ಹಾರ್ಬರ್‌ಫ್ರಂಟ್ ಒಂದು.

ಈಗ ಈ ಕ್ಲಿಪ್ ನೋಡ್ರಿ, ಪೋರ್ಟ್ ಕ್ಲಾಂಗ್ ಟರ್ಮಿನಲ್ಲಿನ ಹೊರಗಿಂದು. ಬಾಗಿಲು ದಾಟಿದ ಕೂಡ್ಲೇ ಟ್ಯಾಕ್ಸಿಯವ್ರು, ಎಲ್ಲಾರ ಕೈಯಾಗೂ ಲ್ಯಾಮಿನೇಷನ್ ಮಾಡಿಸಿದ್ದೊಂದು ಕಾರ್ಡ್, ಮುಂದಿನ ಮಗ್ಗಲಿಗೆ ಟವರ್ ಫೋಟೊ, ತಿರುವಿದ್ರ ಬಟು ಕೇವ್ಸ್ ಅನ್ನೋ ಗವಿ ಗುಡಿಯ ಮುರುಗನ್ ಫೋಟೊ, ಮೂಲ್ಯಾಗ ಪ್ಲಾಸ್ಟಿಕ್ ಬಿಚ್ಚಿ ಕೆಳಗಿನ ರೇಟು ಪೆನ್ನಿನಾಗ ತಿದ್ದಿದ್ದು ಕಾಣ್ತದ. ಒಬ್ಬ ಡ್ರೈವರ್ ತಮಿಳಿನಾಗ ಶುರು ಮಾಡ್ದ, ನಮ್ಮವ್ವ ತನ್ನ ಬೀದರ್ ಹಿಂದಿಯಾಗ ಜವಾಬ್ ಕೊಟ್ಲು, ಇಬ್ಬರಿಗೂ ಒಬ್ಬರದು ಒಬ್ಬರಿಗೆ ತಿಳೀಲಿಲ್ಲ ಖರೇ ಆದ್ರ ರೇಟ್ ಮಾತ್ರ ಎರಡು ಸಲ ಇಳೀತು. ಆದ್ರೂ ನಾವು ಹತ್ತಲಿಲ್ಲ. ಫೋನಿನಾಗ ಗ್ರ್ಯಾಬ್, ನಮ್ ಕಡಿ ಓಲಾ ಉಬರ್ ಇದ್ದಂಗ ಟ್ಯಾಕ್ಸಿ ಆಪ್, ತೆಗೆದು ನೋಡಿದ್ರ ಅದರಕಿಂತ ಕಮ್ಮಿ ಇತ್ತು. ಮಲೇಷ್ಯಾ, ಸಿಂಗಾಪುರ, ಥಾಯ್ಲೆಂಡ್ ಮೂರೂ ಕಡಿ ಈ ಗ್ರ್ಯಾಬ್ ನಡೀತದ, ಬೀದರ್‌ನಾಗ ಇದ್ದಾಗೇ ಆಪ್ ಇಳಿಸ್ಕೊಂಡು ಕಾರ್ಡ್ ಹಾಕಿ ಇಟ್ಕೊಳ್ರಿ, ಅಲ್ಲಿ ಹೋದ ಮ್ಯಾಲ ಓಟಿಪಿ ಬರಬೇಕಂದ್ರ ನಿಮ್ ಇಂಡಿಯಾ ಸಿಮ್ ರೋಮಿಂಗ್‌ನಾಗ ಇರಬೇಕು, ಆ ತಲಿನೋವು ಯಾಕ ಬೇಕು.

ಕಾರು ತುಂಬ ಮಂದಿ ಇದ್ರ ಗ್ರ್ಯಾಬ್ ಸೀದಾ ಕೌಲಾಲಂಪುರಕ್ಕೇ ಬಡೀರಿ. ಇಬ್ಬರೇ ಇದ್ರ ಕ್ಲಾಂಗ್ ರೈಲ್ವೆ ಸ್ಟೇಷನ್ ತನಕ ಅಷ್ಟೇ ಗ್ರ್ಯಾಬ್, ಅಲ್ಲಿಂದ ಕೆಟಿಎಂ ಕೊಮ್ಯೂಟರ್ ಅಂತ ಲೋಕಲ್ ರೈಲು ಸೀದಾ ಕೌಲಾಲಂಪುರದ ದೊಡ್ಡ ಸ್ಟೇಷನ್ ಕೆಎಲ್ ಸೆಂಟ್ರಲ್‌ಗೆ ಹೋಗ್ತದ, ಸುಮಾರು ಒಂದು ತಾಸು. ಅಲ್ಲೇ ಗಾಡಿ ಬದಲಿ ಮಾಡಿದ್ರ ಬಟು ಕೇವ್ಸ್, ಸ್ಟೇಷನ್ ಇಳಿದ್ರ ಗುಡಿ ಎದುರಿಗೇ, 272 ಮೆಟ್ಟಿಲು. ಅಪ್ಪ ಮೊಣಕಾಲು ಹಿಡ್ಕೊಂಡು ಕೆಳಗೇ ಕುಂತ್ರು, ಕೋತಿ ಬಂದು ಬಿಸ್ಕೀಟ್ ಪುಡಾ ಒಯ್ತು. ಟವರು, ಗುಡಿ ಎರಡೂ ಒಂದೇ ದಿನ ನೋಡ್ತೀನಿ ಅನ್ನೋರಿಗೆ ನಾ ಬ್ಯಾಡ ಅಂತೀನಿ, ಆಗೋದಿಲ್ಲ ಅಂತಲ್ಲ, ದಿನಾ ಪೂರಾ ಗಾಡಿಯಾಗೇ ಹೋಗ್ತದ.

ಇನ್ನೊಂದು ಯಾರೂ ಹೇಳಂಗಿಲ್ಲ ನೋಡ್ರಿ, ಹಡಗಿನ ಮೆಟ್ಟಿಲಿಂದ ಪೋರ್ಟಿನ ಗೇಟ್ ತನಕ ಇರೋ ದಾರಿ. ಸರಕಿನ ಬಂದರು ಆದ್ರ ಅಲ್ಲಿ ನಡಕೊಂಡು ಹೋಗ್ಲಿಕ್ಕೆ ಬಿಡಂಗಿಲ್ಲ, ಟ್ರೇಲರ್ ಓಡಾಡ್ತಿರ್ತಾವ, ಸೆಕ್ಯೂರಿಟಿಯವ್ರು ನಿಲ್ಲಸ್ತಾರ, ಗೇಟ್ ತನಕ ಶಟಲ್ ಬಸ್ಸೇ ಗತಿ, ಕೆಲವು ಕಡಿ ಪುಕ್ಕಟ್, ಕೆಲವು ಕಡಿ ರೊಕ್ಕ. ಹೊರಗಿನ ಆಪ್ ಟ್ಯಾಕ್ಸಿ ಎಲ್ಲಾ ಪೋರ್ಟಿನಾಗೂ ಒಳಗ ಬರಂಗಿಲ್ಲ, ಒಳಗ ನಿಂತ ಟ್ಯಾಕ್ಸಿಯವ್ರು ಅದಕ್ಕೇ ಆ ರೇಟ್ ಹೇಳೋದು. ಗೇಟ್ ದಾಟಿದ್ರ ಮುಗೀತು, ಅಲ್ಲಿಂದ ಮುಂದ ಅದೂ ಒಂದು ಊರೇ, ಅಲ್ಲಿ ಮಂದಿ ದಿನಾ ಬಸ್ಸಿಗೆ ಹೋಗೋರೇ. ಹಿಂದಿನ ರಾತ್ರಿ ಹಡಗಿನ ರಿಸೆಪ್ಷನ್‌ನಾಗ ಕೇಳೋದಾದ್ರ ಟೂರ್ ಎಷ್ಟು ಅಂತ ಕೇಳಬ್ಯಾಡ್ರಿ, ಶಟಲ್ ಎಲ್ಲಿ ಬಿಡ್ತದ, ಕೊನೀ ಶಟಲ್ ಎಷ್ಟೊತ್ತಿಗೆ ಅಂತ ಕೇಳ್ರಿ.

ಅದೇ ಮಲೇಷ್ಯಾದ್ದೇ ಪೆನಾಂಗ್ ತಗೊಳ್ರಿ, ಅಲ್ಲಿ ಈ ಯಾವ ತಕರಾರೂ ಇಲ್ಲ. ಸ್ವೆಟೆನ್‌ಹ್ಯಾಮ್ ಪಿಯರ್ ಅಂತ, ಹಡಗು ಜಾರ್ಜ್ ಟೌನ್ ಊರಿನ ಹೊಸ್ತಿಲಿಗೇ ಬಂದು ನಿಲ್ತದ. ಹೊರಗ ಬಂದ್ರ ಎದುರಿಗೆ ಬಿಳಿ ಗಡಿಯಾರದ ಗೋಪುರ, ವಿಕ್ಟೋರಿಯಾ ರಾಣಿ ಆಳಿದ 60 ವರ್ಷಕ್ಕ 60 ಅಡಿ ಎತ್ತರ ಅಂತ ಕಟ್ಸಿದ್ದು, ಸ್ವಲ್ಪ ವಾಲ್ಯದ, ದಿಟ್ಟಿಸಿ ನೋಡಿದ್ರ ಗೊತ್ತಾಗ್ತದ. ಅಲ್ಲಿಂದ ನಡಕೊಂಡೇ ಲಿಟಲ್ ಇಂಡಿಯಾ, 1833ರ ಮಹಾಮಾರಿಯಮ್ಮನ ಗುಡಿ, ಕಪಿತಾನ್ ಕೆಲಿಂಗ್ ಮಸೂತಿ, ಎಲ್ಲಾ ಒಂದೇ ಸುತ್ತಿನಾಗ. ಬಾಳೆ ಎಲಿ ಊಟ ಸಿಗ್ತದ, ಹಡಗಿನ ಬಫೆ ತಿಂದು ನಾಲಿಗಿ ಸತ್ತೋರಿಗೆ ಸಾರು ಅನ್ನ ಅಂದ್ರ ಏನಂತ ಅಲ್ಲಿ ತಿಳೀತದ. ಬಿಸಲು ತಡ್ಯಂಗಿಲ್ಲ ಅಂದ್ರ ಊರ ಒಳಗ ಸುತ್ತೋ ಪುಕ್ಕಟ್ ಸಿಟಿ ಬಸ್ಸೂ ಅದ, ಕ್ಯಾಟ್ ಅಂತಾರ. ಪೆನಾಂಗ್‌ನಾಗ ಹಡಗಿನ ಟೂರ್ ತಗೊಂಡೋರನ್ನ ನೋಡಿ ನನಗ ಖರೇನೇ ಅಯ್ಯೋ ಅನಿಸ್ತು, ಅದೇ ಗಡಿಯಾರದ ಕೆಳಗ ಏಸಿ ಬಸ್ಸಿನಿಂದ ಇಳಿಸಿ ಫೋಟೊ ತಗಸಿದ್ರು.

ಥಾಯ್ಲೆಂಡಿನ ಫುಕೆಟ್‌ನಾಗ ಮತ್ತೊಂದು ಥರ. ಪಾಟಾಂಗ್ ಬೀಚಿನ ಎದುರಿಗೆ ಹಡಗು ಸಮುದ್ರದಾಗೇ ಲಂಗರು ಹಾಕಿ ನಿಂತಿತ್ತು, ದಂಡಿಗೆ ಹೋಗೋದು ಸಣ್ಣ ದೋಣಿಯಾಗ, ಟೆಂಡರ್ ಅಂತಾರ ಅದಕ್ಕ. ಟೋಕನ್ ತಗೋಬೇಕು, ಮೊದ್ಲು ಟೂರ್‌ನವ್ರನ್ನ ಬಿಡ್ತಾರ, ನಮ್ಮಂಥೋರು ಆಮ್ಯಾಲ. ಅಲೆ ಜೋರಿದ್ರ ದೋಣಿಗೆ ಕಾಲಿಡೋದು ವಯಸ್ಸಾದೋರಿಗೆ ಸುಲಭ ಅಲ್ಲ, ಇಬ್ಬರು ಸಿಬ್ಬಂದಿ ರಟ್ಟಿ ಹಿಡ್ಕೊಂಡು ಎತ್ತಿ ಇಳಿಸ್ತಾರ, ಅವ್ವನ ಮಾರಿ ಆಗ ಹೆಂಗಿತ್ತು ನೋಡ್ರಿ ಇಲ್ಲಿ. ಆದ್ರ ದಂಡಿ ಮುಟ್ಟಿದ್ರ ಊರು ಎದುರಿಗೇ, ಗಾಡಿನೇ ಬ್ಯಾಡ.

ಈಗ ಟೈಮ್ ವಿಷಯ, ಇದನ್ನ ಸ್ಕಿಪ್ ಮಾಡಬ್ಯಾಡ್ರಿ. ಥಾಯ್ಲೆಂಡ್ ಟೈಮು ಸಿಂಗಾಪುರ, ಮಲೇಷ್ಯಾಕ್ಕಿಂತ ಒಂದು ತಾಸು ಹಿಂದ ಅದ. ನಮ್ಮ ಹಡಗು ಸಿಂಗಾಪುರದ ಟೈಮೇ ಇಟ್ಕೊಂಡಿತ್ತು. ಅಂದ್ರ ದಂಡಿಗೆ ಇಳಿದು ಫೋನಿಗೆ ಅಲ್ಲಿನ ಟವರ್ ಸಿಕ್ಕ ಕೂಡ್ಲೇ ಫೋನ್ ತಾನೇ ಟೈಮ್ ಬದಲಿ ಮಾಡ್ಕೋತದ, ನೀವು ಅದರಾಗ ನಾಕು ಗಂಟಿ ನೋಡ್ತಾ ತೆಂಗಿನಕಾಯಿ ನೀರು ಕುಡೀತಿರ್ತೀರಿ, ಹಡಗಿನಾಗ ಐದು ಆಗಿರ್ತದ. ಅಪ್ಪನ ಕೈಯಾಗಿನ ಎಚ್‌ಎಂಟಿ ವಾಚಿಗೆ ಯಾವ ಟವರ್ ಸಿಗಬೇಕ್ರಿ, ಹಡಗಿನ ಟೈಮಿಗೆ ಹೊಂದಿಸಿ ಬಿಟ್ಟಿದ್ವಿ, ಎಲ್ಲಾರೂ ಅವರನ್ನೇ ಕೇಳೋದು, ಅವ್ರೂ ಅದೇ ಗತ್ತಿನಾಗ ಹೇಳೋದು. ಹಡಗು ಬಿಡೋ ಟೈಮ್ ಬ್ಯಾರೆ, ಆಲ್ ಅಬೋರ್ಡ್ ಟೈಮ್, ಅಂದ್ರ ಎಲ್ಲಾರೂ ಹಡಗು ಹತ್ತಿರಬೇಕಾದ ಟೈಮ್, ಬ್ಯಾರೆ, ಅರ್ಧ ತಾಸೋ ಒಂದು ತಾಸೋ ಮೊದ್ಲೇ ಇರ್ತದ, ನೀವು ಹಿಡೀಬೇಕಾದ್ದು ಎರಡನೇದು. ಟೆಂಡರ್ ಇದ್ರ ಕೊನೀ ದೋಣಿ ಎಷ್ಟೊತ್ತಿಗೆ ಅನ್ನೋದೇ ನಿಮ್ಮ ಟೈಮು.

ಹಡಗಿನವ್ರ ಟೂರ್ ಬಸ್ ತಡಾ ಆದ್ರ ಹಡಗು ಕಾಯ್ತದ, ಅವ್ರು ತಗೊಳ್ಳೋ ಹೆಚ್ಚಿನ ರೊಕ್ಕ ಮುಖ್ಯ ಅದಕ್ಕೇ. ಸ್ವಂತ ಹೋದೋರಿಗೆ ಕಾಯಂಗಿಲ್ಲ. ತಪ್ಪಿದ್ರ ಮುಂದಿನ ಪೋರ್ಟಿಗೆ ನಿಮ್ಮ ಖರ್ಚಿನಾಗ ನೀವೇ ಹೋಗಿ ಹಿಡೀಬೇಕು. ಅದಕ್ಕ ಹಡಗಿನ ದಿನಪತ್ರಿಕಿ ಇರ್ತದಲ್ಲ, ರಾತ್ರಿ ರೂಮಿಗೆ ಇಟ್ಟು ಹೋಗ್ತಾರ ಇಲ್ಲಾ ಆಪ್‌ನಾಗ ಬರ್ತದ, ಅದರಾಗ ಪೋರ್ಟ್ ಏಜೆಂಟ್, ಅಂದ್ರ ಆ ಬಂದರಿನಾಗ ಹಡಗಿನವ್ರ ಕಡಿಯಿಂದ ಕೆಲಸ ನೋಡೋರ ನಂಬರ್ ಹಾಕಿರ್ತಾರ, ಅದರ ಫೋಟೊ ಹೊಡ್ಕೊಳ್ರಿ, ಪಾಸ್‌ಪೋರ್ಟಿನ ಝೆರಾಕ್ಸ್, ಹಡಗಿನ ಕಾರ್ಡ್ ಕಿಸೆದಾಗ ಇರ್ಲಿ. ಸಿಂಗಾಪುರದಿಂದ ಹೊಂಟು ಅಲ್ಲಿಗೇ ತಿರುಗಿ ಬರೋರು ವೀಸಾ ಮಲ್ಟಿಪಲ್ ಎಂಟ್ರಿ ಅದನೋ ಇಲ್ಲೋ ಊರಾಗಿದ್ದಾಗೇ ನೋಡ್ಕೊಳ್ರಿ. ನನ್ನ ಲೆಕ್ಕ ಇಷ್ಟೇ ಇತ್ತು, ಊರಿಂದ ಹಡಗಿಗೆ ಎರಡು ತಾಸು ಹಿಡೀತದ ಅಂದ್ರ ಆಲ್ ಅಬೋರ್ಡ್‌ಗೆ ನಾಕು ತಾಸು ಇರೋದ್ರಾಗ ಹೊಂಟುಬಿಡೋದು, ಕೌಲಾಲಂಪುರದ ಸಂಜಿ ಟ್ರಾಫಿಕ್ಕಿನಾಗ ಅದೇ ಉಳಿಸ್ತು.

ಈಗ ನಿಮಗ ಕಾಣ್ತಿರೋದು ನಮ್ಮ ಬೀದರ್ ಮದರಸಾ, ಬಹಮನಿ ಸುಲ್ತಾನರ ವಜೀರ ಮಹಮೂದ್ ಗಾವಾನ್ 1472ರಾಗ ಕಟ್ಸಿದ್ದು. ಕ್ರೂಸ್ ವಿಡಿಯೋದಾಗ ಇದ್ಯಾಕ ಬಂತು ಅಂತೀರಿ. ಗಾವಾನ್ ಇರಾನಿನ ಗಿಲಾನ್ ಕಡಿಯವ್ರು, ವ್ಯಾಪಾರಕ್ಕಂತ ಹಡಗಿನಾಗ ಬಂದು ದಾಭೋಳ ಬಂದರಿನಾಗ ಇಳಿದು ಬೀದರ್‌ಗೆ ಬಂದೋರು. ಅದೇ ಕಾಲಕ್ಕ ರಷ್ಯಾದ ತ್ವೇರ್ ಊರಿಂದ ಅಫನಾಸಿ ನಿಕಿತಿನ್ ಅಂತ ವ್ಯಾಪಾರಿ ಬಂದ, ಇಳಿದದ್ದು ಚೌಲ್‌ನಾಗ, ಈಗಿನ ಅಲಿಬಾಗ್ ಹತ್ರ. ಜೋಡಿಗೆ ಮಾರ್ಲಿಕ್ಕಂತ ತಂದ ಒಂದು ಕುದುರಿ. ಜುನ್ನರ್‌ನಾಗ ಅಲ್ಲಿನ ಖಾನ ಕುದುರಿ ಕಸ್ಕೊಂಡ, ಆಮ್ಯಾಲ ಹೆಂಗೋ ವಾಪಸ್ ಸಿಕ್ತು, ಮಳಿಗಾಲ ಅಲ್ಲೇ ಕಳದು ಬೀದರ್ ತನಕ ಬಂದು ಆ ಕುದುರಿ ಮಾರಿದ. ಬಂದರಿಂದ ರಾಜಧಾನಿಗೆ ಸ್ವಂತ ಜವಾಬ್ದಾರಿ ಮ್ಯಾಲ ಬಂದೋರ ಊರಿನಾಗ ಹುಟ್ಟಿ ನಾವು ಶಟಲ್ ಬಸ್ಸಿಗೆ ಹೆದರಿದ್ರ ಹೆಂಗ್ರಿ.

ಯುರೋಪ್ ಕೇಳ್ದೋರಿಗೆ ಜಲ್ದಿ ಹೇಳಿ ಮುಗಸ್ತೀನಿ, ನಾ ಹೋಗಿಲ್ಲ, ನಮ್ಮ ಕಾಕಾನ ಮಗ ಹೋಗಿ ಬಂದಾನ. ರೋಮ್ ಸ್ವಂತ ಹೋಗ್ಲಿಕ್ಕೆ ಅಡ್ಡಿಯಿಲ್ಲ, ಶಟಲ್‌ನಾಗ ಪೋರ್ಟಿನ ಹೊರಗ ಲಾರ್ಗೊ ದೆಲ್ಲಾ ಪಾಚೆ ಅನ್ನೋ ಸ್ಟಾಪ್ ತನಕ, ಮುಂದ ಲೋಕಲ್ ಬಸ್ಸಿನಾಗ ಸ್ಟೇಷನ್, ಅಲ್ಲಿಂದ ಪ್ಯಾಸೆಂಜರ್ ರೈಲು ಒಂದು ತಾಸಿನ ಆಸುಪಾಸು, ವ್ಯಾಟಿಕನ್ ನೋಡೋರು ಸಾನ್ ಪಿಯೆತ್ರೊ ಸ್ಟೇಷನ್‌ನಾಗೇ ಇಳೀಬಹುದು, ಕಾಗದದ ಟಿಕೆಟ್ ಇದ್ರ ರೈಲು ಹತ್ತೂ ಮೊದ್ಲ ಮಷೀನಿನಾಗ ಠಸ್ಸೆ ಹಾಕಿಸಬೇಕು, ಇಲ್ಲಾಂದ್ರ ದಂಡ. ನೇಪಲ್ಸ್ ಪೆನಾಂಗ್‌ನಂಗೇ, ಇಳಿದ್ರ ಊರು. ಪಿರೇಯಸ್‌ನಿಂದ ಅಥೆನ್ಸ್‌ಗೆ ಮೆಟ್ರೊ ಅದ. ಬ್ಯಾಂಕಾಕ್ ಮಾತ್ರ, ವಯಸ್ಸಾದೋರು ಜೋಡಿಗಿದ್ರ, ಹಡಗಿನ ಟೂರ್‌ಗೆ ರೊಕ್ಕ ಕೊಟ್ರ ನಾ ಏನೂ ಅನ್ನಂಗಿಲ್ಲ.

ಫಾರಿನ್ ಬ್ಯಾಡ, ಮುಂಬೈಯಿಂದ ಹೋಗೋ ಕ್ರೂಸ್ ಸಾಕು ಅನ್ನೋರು ಕಮೆಂಟಿನಾಗ ಭಾಳ ಅದೀರಿ. ಅಲ್ಲಿ ನಮ್ಮ ಭಾಗದವ್ರಿಗೆ ಒಂದು ಲಾಭ ಅದ. ಹಡಗು ಹೊರಡೋ ಬ್ಯಾಲಾರ್ಡ್ ಪಿಯರ್ ಸಿಎಸ್‌ಎಂಟಿ, ಅಂದ್ರ ಹಳೇ ವಿಟಿ ಸ್ಟೇಷನ್ನಿಗೆ ಭಾಳ ಹತ್ರ, ಟ್ಯಾಕ್ಸಿ ಹತ್ತಿ ಕೂಡೋದ್ರಾಗ ಬಂತು. ಗೋವಾಕ್ಕ ಹೋದ್ರ ಹಡಗು ನಿಲ್ಲೋದು ಪಣಜಿಯಾಗಲ್ಲ, ಮುರ್ಮುಗಾವ್‌ನಾಗ, ಗೇಟ್ ಹೊರಗ ವಾಸ್ಕೊ ಊರು, ಪಣಜಿ ಅಲ್ಲಿಂದ ಸುಮಾರು 30 ಕಿಲೋಮೀಟರ್, ವಾಸ್ಕೊ ಬಸ್ ಸ್ಟ್ಯಾಂಡಿನಾಗ ಕದಂಬ ಬಸ್ ಸಿಗ್ತಾವ. ಕೊಚ್ಚಿಯಾಗ ವಿಲಿಂಗ್ಡನ್ ದ್ವೀಪಕ್ಕ ಬರ್ತದ, ಫೋರ್ಟ್ ಕೊಚ್ಚಿಗೆ ರಸ್ತೆ ಮ್ಯಾಲ ಸುತ್ತೋದಕಿಂತ ನೀರಿನ ಮ್ಯಾಲ ಹೋಗೋದು ಛಂದ, ಆದ್ರ ಮಟ್ಟಾಂಚೇರಿಯ ಯಹೂದಿ ಸಿನಗಾಗ್ ಶನಿವಾರ ಬಂದ್ ಇರ್ತದ, ನಿಮ್ಮ ಹಡಗು ಅವತ್ತೇ ಬಂದ್ರ ಚೀನೀ ಬಲೆ ನೋಡಿ ಮೀನು ತಿಂದು ಬರ್ರಿ. ಮಂಗಳೂರಿನಾಗ ಬಂದರು ಇರೋದು ಪಣಂಬೂರಿನಾಗ, ಹೊರಗ ಹೈವೇಗೆ ಬಂದ್ರ ಸ್ಟೇಟ್ ಬ್ಯಾಂಕ್ ಅನ್ನೋ ಊರಿನ ಬಸ್ ಸ್ಟ್ಯಾಂಡಿಗೆ ಸಿಟಿ ಬಸ್ ಒಂದರ ಹಿಂದ ಒಂದು ಬರ್ತಿರ್ತಾವ.

ಮುಂಬೈಗೆ ಹೋಗ್ಲಿಕ್ಕೆ ಬೀದರ್‌ನಿಂದ ಲಾತೂರ ಮ್ಯಾಲಿಂದ ಸಿಎಸ್‌ಎಂಟಿ ರೈಲು ಅದ, ಆದ್ರ ದಿನಾ ಇಲ್ಲ. ಕಲಬುರಗಿಯವ್ರಿಗೆ ಹುಸೇನ್ ಸಾಗರ, ಉದ್ಯಾನ ಎರಡೂ ರೈಲು ಸಿಎಸ್‌ಎಂಟಿಗೇ ಹೋಗ್ತಾವ. ಹುಸೇನ್ ಸಾಗರ ನಸುಕಿನ್ಯಾಗ ಮುಟ್ಟಸ್ತದ, ಹಡಗಿನ ಚೆಕ್-ಇನ್‌ಗೆ ಮಧ್ಯಾಹ್ನದ ತನಕ ಟೈಮ್ ಇರ್ತದ, ರೈಲು ಎರಡು ತಾಸು ತಡಾ ಆದ್ರೂ ಚಿಂತಿಲ್ಲ. ಹೊಳ್ಳಿ ಬರೋ ದಿನ ಬೀದರ್ ರೈಲು ಇಲ್ಲಾಂದ್ರ ಕಲಬುರಗಿಗೇ ಟಿಕೆಟ್ ತಗೊಂಡು ಅಲ್ಲಿಂದ ಹುಮನಾಬಾದ್ ಮ್ಯಾಲ ಬಸ್ಸಿಗೆ ಬರ್ರಿ, ಆ ರೈಲಿನ ದಿನ ನೋಡ್ಕೊಂಡೇ ಹಡಗು ಬುಕ್ ಮಾಡ್ರಿ.